ಕೊಟ್ಟ ಮಾತೂ ನಡೆಸುವ ಕೈಯೂ

ಕೈಕಾಲುಗಳಲ್ಲಿ ತ್ರಾಣವಿರುವಷ್ಟು ಕಾಲ ಮನುಷ್ಯನು ತಾನು ಯಾರ ಹಂಗಿನಲ್ಲಿಯೂ ಇಲ್ಲವೆಂದು ಭಾವಿಸಿಕೊಂಡಿರುತ್ತಾನೆ. ಒಂದು ದಿನ ಮನೆಯ ಮೆಟ್ಟಲನ್ನು ಇಳಿಯಲಾರದೆ ಗೋಡೆ ಹಿಡಿದು ನಿಂತಾಗ ಆ ಭಾವನೆ ಕಳಚಿ ಬೀಳುತ್ತದೆ. ಅಂದಿನಿಂದ ಅವನ ಸ್ನಾನ, ಊಟ, ಮಲಮೂತ್ರ ವಿಸರ್ಜನೆ, ಅಂದರೆ ಅಷ್ಟು ದಿನ ಯಾರ ಗಮನಕ್ಕೂ ಬಾರದೆ ನಡೆದುಹೋದ ಕೆಲಸಗಳೆಲ್ಲ, ಇನ್ನೊಬ್ಬರ ಬಿಡುವಿಗೂ ಮರ್ಜಿಗೂ ಕಾಯಬೇಕಾಗುತ್ತದೆ. ಹಾಗೆ ಕೈಲಾಗದೆ ಹೋದವರನ್ನು ನೋಡಿಕೊಳ್ಳುವ ಹೊಣೆ ಯಾರದು? ಮಕ್ಕಳದು ಎಂದು ನಮ್ಮ ಹಿರಿಯರು ಹೇಳಿದರು. ಪಿತೃಋಣವೆಂಬ ಮಾತನ್ನು ಅದಕ್ಕೆ ಆಧಾರವಾಗಿ ತೋರಿಸಿದರು. ಮಕ್ಕಳಿಲ್ಲದವರಿಗೆ ಬಂಧುಗಳು, ನೆರೆಕರೆಯವರು, ಕಡೆಗೆ ಮಠವೋ ಛತ್ರವೋ ಇತ್ತು. ಈಗ ರಾಜ್ಯವೂ ಈ ಹೊಣೆಯಲ್ಲಿ ಒಂದು ಪಾಲು ತನ್ನದೆಂದು ಒಪ್ಪಿಕೊಂಡಿದೆ. ಆದರೆ ರಾಜ್ಯವೆಂದರೆ ಯಾರು? ಶಾಸನಸಭೆಯಲ್ಲಿ ಕೈಯೆತ್ತಿ ಕಾನೂನು ಮಾಡಿದವರು ಮುದುಕಿಯೊಬ್ಬಳ ಬೆನ್ನಿನ ಹುಣ್ಣನ್ನು ತೊಳೆಯಲು ಬರುವುದಿಲ್ಲ. ಆ ಕೆಲಸ ಊರಿನ ಪಂಚಾಯತಿಗೂ ಪೌರಸಭೆಗೂ ಬರುತ್ತದೆ. ಅಲ್ಲಿಂದ ಒಬ್ಬ ಗುಮಾಸ್ತರಿಗೆ, ಒಬ್ಬ ದಾದಿಗೆ, ಕೆಲವೊಮ್ಮೆ ನನ್ನಂಥ ಒಬ್ಬ ಶಾಲಾಮಾಸ್ತರನ ಕೈಗೆ ಇಳಿಯುತ್ತದೆ.

ಮೇಲೆ ಕೊಟ್ಟ ಮಾತು ಕೆಳಗೆ ನಡೆಯದೆ ಹೋದಾಗ ಮಾತಿಗೆ ತಪ್ಪಿದವರು ಯಾರು? ಮಾತು ಕೊಟ್ಟವರೋ, ನಡೆಸಬೇಕಾಗಿದ್ದವರೋ? ಈ ಪ್ರಶ್ನೆಯನ್ನು ನಾನು ವಿನೋದಕ್ಕಾಗಿ ಎತ್ತಿಕೊಂಡಿಲ್ಲ. ಇದರ ಹಿಂದೆ ನನ್ನದೇ ಒಂದು ತಪ್ಪಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಪ್ರಶ್ನೆ ಬಹಳ ಕಾಲದಿಂದ ಕಾಡುತ್ತಿರುವ ಒಂದು ದೂರದ ದೇಶದ ಕಡೆಗೆ ವಾಚಕರನ್ನು ಕರೆದೊಯ್ಯಬೇಕಾಗಿದೆ.

ಇಂಗ್ಲೆಂಡಿನಲ್ಲಿ ನಿರ್ಗತಿಕರ ಹೊಣೆಯನ್ನು ಆಯಾ ಊರಿನ ಮೇಲೆ ಹೊರಿಸಿದ್ದು 1601ರ ಬಡವರ ಕಾನೂನು. 1834ರಲ್ಲಿ ಅದನ್ನು ಬಿಗಿಗೊಳಿಸಿ, ನೆರವು ಬೇಕಾದವರು ದುಡಿಮೆಮನೆಯೊಳಗೆ ಬಂದು ಇರಬೇಕೆಂದು ಮಾಡಿದರು. ಆ ಮನೆಗಳ ಭಯ ಅಲ್ಲಿನ ಮುದುಕರ ಮನಸ್ಸಿನಿಂದ ತಲೆಮಾರುಗಳು ಕಳೆದರೂ ಹೋಗಲಿಲ್ಲ. 1948ರ ರಾಷ್ಟ್ರೀಯ ಸಹಾಯ ಕಾನೂನು ಬಡವರ ಕಾನೂನನ್ನು ಕೊನೆಗೊಳಿಸಿ, ಮುಪ್ಪಿನಿಂದಲೋ ರೋಗದಿಂದಲೋ ಆರೈಕೆ ಬೇಕಾದವರಿಗೆ ವಸತಿ ಒದಗಿಸುವ ಕರ್ತವ್ಯವನ್ನು ಸ್ಥಳೀಯ ಮಂಡಳಿಗಳಿಗೆ ಕೊಟ್ಟಿತು. ಅದು ಜಾರಿಗೆ ಬಂದದ್ದು 1948ರ ಜುಲೈ 5ರಂದು. ಎಲ್ಲರಿಗೂ ಉಚಿತವಾದ ರಾಷ್ಟ್ರೀಯ ಆರೋಗ್ಯ ಸೇವೆಯೂ ಅದೇ ದಿನ ಆರಂಭವಾಯಿತು. ಒಂದೇ ದಿನ ಹುಟ್ಟಿದ ಈ ಎರಡು ವ್ಯವಸ್ಥೆಗಳ ಜಾತಕ ಮಾತ್ರ ಬೇರೆ ಬೇರೆ. ಆಸ್ಪತ್ರೆಯ ಚಿಕಿತ್ಸೆಗೆ ಹಣವಿಲ್ಲ. ಮಂಡಳಿಯ ಆರೈಕೆಗೆ ಮನುಷ್ಯನ ಆಸ್ತಿ ಆದಾಯಗಳನ್ನು ಅಳೆದು ಹಣ ಪಡೆಯಬಹುದು. ಮನೆಯಲ್ಲಿರುವ ಮುದುಕನೊಬ್ಬನಿಗೆ ಮಾಡಿಸುವ ಸ್ನಾನವು ವೈದ್ಯಕೀಯ ಸ್ನಾನವೋ ಸಾಮಾಜಿಕ ಸ್ನಾನವೋ ಎಂದು ಆ ದೇಶದ ಎರಡು ಇಲಾಖೆಗಳು ವರ್ಷಗಟ್ಟಲೆ ಚರ್ಚಿಸಿವೆ. ನೀರು ಒಂದೇ, ಮೈಯೂ ಒಂದೇ. ಲೆಕ್ಕದ ಪುಸ್ತಕ ಮಾತ್ರ ಎರಡು. ನಗು ಬರುತ್ತದೆ, ನಿಜ. ಆದರೆ ನಮ್ಮಲ್ಲಿಯೂ ಒಂದು ಕಡತವು ಎರಡು ಕಚೇರಿಗಳ ನಡುವೆ ತಿಂಗಳುಗಟ್ಟಲೆ ಸುತ್ತಿದ್ದನ್ನು ಕಂಡವರು ನಗುವ ಮೊದಲು ಸ್ವಲ್ಪ ಆಲೋಚಿಸಬೇಕು.

2014ರಲ್ಲಿ ಆ ದೇಶ ಹಳೆಯ ಹತ್ತಾರು ಕಾನೂನುಗಳನ್ನು ಒಟ್ಟುಗೂಡಿಸಿ ಆರೈಕೆ ಕಾನೂನು ಎಂಬುದೊಂದನ್ನು ಮಾಡಿತು. 2015ರ ಏಪ್ರಿಲ್ ಒಂದರಿಂದ ಅದರ ಮುಖ್ಯ ಭಾಗಗಳು ಜಾರಿಗೆ ಬಂದವು. ಅದರ ಮೊದಲ ವಿಧಿಯೇ ವ್ಯಕ್ತಿಯ ಯೋಗಕ್ಷೇಮವನ್ನು ಬೆಳೆಸುವುದು ಮಂಡಳಿಯ ಕರ್ತವ್ಯವೆಂದು ಸಾರುತ್ತದೆ. ಅದಕ್ಕೆ ಮೊದಲು ಪ್ರತಿಯೊಂದು ಮಂಡಳಿಯೂ ಜನರ ಕಷ್ಟವನ್ನು ನಾಲ್ಕು ಮೆಟ್ಟಲುಗಳಾಗಿ ವಿಂಗಡಿಸಿ, ಯಾವ ಮೆಟ್ಟಲಿನಿಂದ ಮೇಲಿರುವವರಿಗೆ ನೆರವು ಕೊಡಬೇಕೆಂಬುದನ್ನು ತಾನೇ ನಿರ್ಧರಿಸುತ್ತಿತ್ತು. ಹಾಗಾಗಿ ಹೊಳೆಯ ಈ ದಡದಲ್ಲಿ ನೆರವಿಗೆ ಅರ್ಹನಾದವನು ಆ ದಡಕ್ಕೆ ಮನೆ ಬದಲಿಸಿದರೆ ಅನರ್ಹನಾಗಬಹುದಾಗಿತ್ತು. ಹೊಸ ಕಾನೂನು ದೇಶಕ್ಕೆಲ್ಲ ಒಂದೇ ಅಳತೆಯನ್ನು ತಂದಿತು. ತೊಂದರೆಯು ದೈಹಿಕ ಅಥವಾ ಮಾನಸಿಕ ಅಶಕ್ತತೆಯಿಂದ ಬಂದಿರಬೇಕು. ಉಣ್ಣುವುದು, ಶುಚಿಯಾಗಿರುವುದು, ಶೌಚಕ್ಕೆ ಹೋಗುವುದು, ಬಟ್ಟೆ ತೊಡುವುದು, ಬಂಧುಮಿತ್ರರ ಒಡನಾಟ ಉಳಿಸಿಕೊಳ್ಳುವುದು ಮುಂತಾದ ಹತ್ತು ಸಂಗತಿಗಳಲ್ಲಿ ಎರಡಾದರೂ ಆಗದಿರಬೇಕು. ಅದರಿಂದ ಬಾಳಿಗೆ ಗಣನೀಯವಾದ ಧಕ್ಕೆ ತಗಲಿರಬೇಕು. ಈ ಅಳತೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಒಂದು ಅಂಶವಿದೆ. ಒಬ್ಬನು ಒಂದು ಕೆಲಸವನ್ನು ತಾನೇ ಮಾಡಿಕೊಳ್ಳಬಲ್ಲನಾದರೂ, ಅದನ್ನು ಮಾಡುವಾಗ ಅವನಿಗೆ ತುಂಬ ನೋವೋ ಕಳವಳವೋ ಆಗುವುದಾದರೆ, ಅಥವಾ ಸಾಮಾನ್ಯಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿಯುವುದಾದರೆ, ಅವನಿಗೆ ಅದು ಆಗುವುದಿಲ್ಲವೆಂದೇ ತಿಳಿಯಬೇಕು. ಇದನ್ನು ಬರೆದವರು ಯಾರೋ ನನಗೆ ಗೊತ್ತಿಲ್ಲ. ಹಾಸಿಗೆ ಹಿಡಿದವರ ಬಳಿಯಲ್ಲಿ ಕೆಲವು ರಾತ್ರಿಗಳನ್ನು ಕಳೆದವರೇ ಇರಬೇಕು.

ಆದರೆ ಅದೇ ಕಾನೂನಿನ ಇನ್ನೊಂದು ಮಾತಿನ ಗತಿಯನ್ನು ನೋಡಿರಿ. ಆರೈಕೆಗಾಗಿ ಮನೆಮಠ ಮಾರಿಕೊಳ್ಳುವ ಪರಿಸ್ಥಿತಿ ತಪ್ಪಲೆಂದು, ಒಬ್ಬನು ಜೀವಮಾನದಲ್ಲಿ ತೆರಬೇಕಾದ ಆರೈಕೆಯ ವೆಚ್ಚಕ್ಕೆ ಒಂದು ಮಿತಿಯಿರಬೇಕೆಂದು ಡಿಲ್ನಾಟ್ ಅವರ ಆಯೋಗ 2011ರಲ್ಲಿ ಸೂಚಿಸಿತ್ತು. ಆಯೋಗ ಹೇಳಿದ ಮಿತಿ 35,000 ಪೌಂಡು. ಸರಕಾರ ಅದನ್ನು 72,000 ಪೌಂಡೆಂದು ಇಟ್ಟು 2016ರ ಏಪ್ರಿಲಿನಿಂದ ನಡೆಸುವುದಾಗಿ ಹೇಳಿತು. 2015ರ ಜುಲೈಯಲ್ಲಿ ಅದನ್ನು 2020ಕ್ಕೆ ಮುಂದೂಡಿತು. ಆಮೇಲೆ ಅದೂ ಇಲ್ಲವಾಯಿತು. 2021ರಲ್ಲಿ ಮತ್ತೆ, ಈ ಬಾರಿ 86,000 ಪೌಂಡಿನ ಮಿತಿ, 2023ರ ಅಕ್ಟೋಬರಿನಿಂದ ಎಂದಾಯಿತು. ವುಲ್ವರ್‌ಹ್ಯಾಂಪ್ಟನ್, ಬ್ಲ್ಯಾಕ್‌ಪೂಲ್ ಮೊದಲಾದ ಆರು ಮಂಡಳಿಗಳನ್ನು ಮುಂಚಿತವಾಗಿ ಪ್ರಯೋಗಕ್ಕೆ ಆರಿಸಿದ್ದೂ ಆಯಿತು. 2022ರ ನವೆಂಬರಿನಲ್ಲಿ 2025ಕ್ಕೆ ಮುಂದೂಡಿಕೆ. 2024ರ ಜುಲೈಯಲ್ಲಿ ಹೊಸ ಸರಕಾರದಿಂದ ರದ್ದು. ಹದಿಮೂರು ವರ್ಷಗಳಲ್ಲಿ ಒಬ್ಬ ಮುದುಕನಿಗೂ ಆ ಮಿತಿಯ ಪ್ರಯೋಜನ ದೊರೆಯಲಿಲ್ಲ. ಇಷ್ಟೇ ಆಗಿದ್ದರೆ ಮೇಲಿನವರು ವಚನಭ್ರಷ್ಟರೆಂದು ಹೇಳಿ ಮುಗಿಸಬಹುದಿತ್ತು. ವಿಷಯ ಅಷ್ಟು ಸರಳವಲ್ಲ. 2015ರಲ್ಲಿ ಮುಂದೂಡಬೇಕೆಂದು ಕೇಳಿಕೊಂಡವರಲ್ಲಿ ಸ್ಥಳೀಯ ಮಂಡಳಿಗಳ ಸಂಘವೇ ಇತ್ತು. ಈಗಿರುವ ರೋಗಿಗಳನ್ನು ನೋಡಿಕೊಳ್ಳಲು ಹಣ ಸಾಲದಿರುವಾಗ ಹೊಸ ಮಾತನ್ನು ಹೇಗೆ ನಡೆಸೋಣವೆಂದು ಅವರ ವಾದ. ಮಾತು ಕೊಟ್ಟವನು ದಿಲ್ಲಿಯಲ್ಲೋ ಲಂಡನ್ನಿನಲ್ಲೋ ಇರುತ್ತಾನೆ. ಬಾಗಿಲಿಗೆ ಬಂದ ಮುದುಕನಿಗೆ ಇಲ್ಲವೆಂದು ಹೇಳಬೇಕಾದವನು ಊರಿನಲ್ಲಿರುತ್ತಾನೆ. ಯಾರ ಉಳಿತಾಯ 23,250 ಪೌಂಡಿಗಿಂತ ಹೆಚ್ಚಿದೆಯೋ ಅವರು ಆರೈಕೆಯ ವೆಚ್ಚವನ್ನು ತಾವೇ ಭರಿಸಬೇಕೆಂಬ ಮೊತ್ತವನ್ನು 2010ರಲ್ಲಿ ಇಟ್ಟವರು ಹದಿನೈದು ವರ್ಷ ಕಳೆದರೂ ಏರಿಸಲಿಲ್ಲ. ಬೆಲೆಗಳೇರಿದಂತೆ ಅದೇ ಮೊತ್ತದ ಬಲೆಯಲ್ಲಿ ಇನ್ನಷ್ಟು ಜನ ಸಿಕ್ಕಿಕೊಂಡರು. ಯಾವ ಹೊಸ ಆಜ್ಞೆಯೂ ಇಲ್ಲದೆ, ಸುಮ್ಮನಿರುವುದರಿಂದಲೇ ಒಂದು ಕಾನೂನನ್ನು ಕಠಿನಗೊಳಿಸಬಹುದೆಂಬುದನ್ನು ಇಲ್ಲಿ ಕಾಣುತ್ತೇವೆ.

ಹಣದ ಅಭಾವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾರ್ಥ್ಯಾಂಪ್ಟನ್‌ಷೈರ್ ಮಂಡಳಿಯು 2018ರಲ್ಲಿ ಎರಡು ಸಲ ತನ್ನ ಬೊಕ್ಕಸ ಬರಿದಾಯಿತೆಂದು ವಿಧಿಪೂರ್ವಕವಾಗಿ ಸಾರಬೇಕಾಯಿತು; 2021ರಲ್ಲಿ ಆ ಮಂಡಳಿಯೇ ಇಲ್ಲದಾಯಿತು. ಅಭಾವ ಇರುವುದು ಪಾಪವಲ್ಲ. ಅಭಾವವನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದರಲ್ಲಿ ನೈತಿಕ ಪ್ರಶ್ನೆಯಿದೆ ಎಂದು ನನಗೆ ತೋರುತ್ತದೆ. ಇದಕ್ಕೆ ಎರಡು ಮೊಕದ್ದಮೆಗಳನ್ನು ಸ್ಮರಿಸುತ್ತೇನೆ.

ಮೊದಲನೆಯದು ಗ್ಲಾಸ್ಟರ್‌ಷೈರಿನದು. 1994ರಲ್ಲಿ ಆ ಮಂಡಳಿಯು ತನಗೆ ಕೇಂದ್ರದಿಂದ ಬರುವ ಹಣ ಕಡಿಮೆಯಾಯಿತೆಂದು, ಒಬ್ಬಂಟಿಯಾಗಿದ್ದ ಒಬ್ಬ ಅಶಕ್ತ ವೃದ್ಧರಿಗೆ ಮಾಡಿಸುತ್ತಿದ್ದ ಬಟ್ಟೆ ಒಗೆತವನ್ನೂ ಮನೆ ಗುಡಿಸುವುದನ್ನೂ ನಿಲ್ಲಿಸಿತು. ಆ ವೃದ್ಧರ ಕೈಕಾಲುಗಳಿಗೆ ಹೊಸ ಬಲವೇನೂ ಬಂದಿರಲಿಲ್ಲ. ಆದರೂ 1997ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಪೀಠವು, ಒಬ್ಬನ ಅಗತ್ಯವೇನೆಂದು ನಿರ್ಣಯಿಸುವಾಗ ಮಂಡಳಿಯು ತನ್ನ ಕೈಯಲ್ಲಿರುವ ಹಣವನ್ನೂ ಗಮನಿಸಬಹುದೆಂದು, ಮೂವರು ಒಂದು ಕಡೆ ಇಬ್ಬರು ಒಂದು ಕಡೆಯಾಗಿ ತೀರ್ಪಿತ್ತಿತು.

ಎರಡನೆಯದು ಲಂಡನ್ನಿನ ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಮಂಡಳಿಯದು. ಹಿಂದೆ ಪ್ರಸಿದ್ಧ ನರ್ತಕಿಯಾಗಿದ್ದ ಒಬ್ಬ ಮಹಿಳೆ ಪಾರ್ಶ್ವವಾಯುವಿನಿಂದ ನಡೆಯಲಾರದವರಾದರು. ರಾತ್ರಿ ಎರಡು ಮೂರು ಸಲ ಮೂತ್ರಕ್ಕೇಳಬೇಕು; ಏಳಲು ಒಬ್ಬರ ಕೈ ಬೇಕು. ಮೂತ್ರವನ್ನು ತಡೆಯಲಾಗದ ರೋಗ ಅವರಿಗಿರಲಿಲ್ಲ. ಒಂದು ಕೈಯ ಆಸರೆಯಿದ್ದರೆ ಅವರು ಎದ್ದು ಕೂರಬಲ್ಲವರಾಗಿದ್ದರು. ಮೊದಲು ಮಂಡಳಿಯೇ ಆಕೆಗೆ ರಾತ್ರಿ ಶೌಚಾಸನವನ್ನು ಬಳಸಲು ನೆರವು ಬೇಕೆಂದು ತನ್ನ ದಾಖಲೆಯಲ್ಲಿ ಬರೆದಿತ್ತು. ಅನಂತರ, ರಾತ್ರಿಯ ಆಳಿನ ಖರ್ಚನ್ನು ಉಳಿಸಲೆಂದು, ಹೀರುವ ಬಟ್ಟೆಯನ್ನು ಕಟ್ಟಿಕೊಂಡು ಮಲಗಿದರಾಯಿತೆಂದಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ಮಂಡಳಿಯ ಪರವಾಗಿ ನಿಂತರು. ಭಿನ್ನಮತ ಬರೆದವರು ಒಬ್ಬರೇ, ಲೇಡಿ ಹೇಲ್. ಮುಂದೆ 2014ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಆಕೆಯ ಹಕ್ಕಿಗೆ ಚ್ಯುತಿಯಾಯಿತೆಂದು ಒಪ್ಪಿತು. ಆದರೆ ಒಂದು ವರ್ಷಕ್ಕೂ ಕಡಿಮೆಯಾದ ಅವಧಿಗೆ ಮಾತ್ರ. ಏಕೆ? ಆ ಅವಧಿಯಲ್ಲಿ ಮಂಡಳಿಯ ನಡತೆ ಅದರದೇ ದಾಖಲೆಗೆ ವಿರುದ್ಧವಾಗಿತ್ತು. 2009ರ ನವೆಂಬರಿನಲ್ಲಿ ಮಂಡಳಿಯು ಪುನಃ ಪರಿಶೀಲನೆ ನಡೆಸಿ ಆಕೆಯ ಅಗತ್ಯವನ್ನು ಬೇರೆ ಮಾತುಗಳಲ್ಲಿ ಬರೆದುಕೊಂಡ ಮೇಲೆ ತಪ್ಪೇನೂ ಉಳಿಯಲಿಲ್ಲ!

ಈ ಪ್ರಕರಣವನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಿಷ್ಕರುಣೆಯನ್ನು ನಾವು ಎಷ್ಟೋ ಕಂಡಿದ್ದೇವೆ. ನನ್ನನ್ನು ಕಾಡಿದ್ದು ಅದಲ್ಲ. ಹಣದ ಕೊರತೆಯನ್ನು ಅಗತ್ಯದ ಕೊರತೆಯೆಂದು ಬರೆಯಬಹುದಲ್ಲ, ಹಾಗೆ ಬರೆದ ಮೇಲೆ ಬರೆದವನಿಗೂ ಓದಿದವನಿಗೂ ಯಾವ ಕೊರತೆಯೂ ಕಾಣದಿರುವುದಲ್ಲ, ಅದು ಕಾಡಿತು. ನಮ್ಮಲ್ಲಿ ಇಲ್ಲ, ಆದುದರಿಂದ ಕೊಡಲಾರೆವು ಎಂಬುದು ಒಂದು ಮಾತು. ನಿನಗೆ ಬೇಕಾಗಿಲ್ಲ ಎಂಬುದು ಇನ್ನೊಂದು. ಮೊದಲ ಮಾತಿನಿಂದ ಮುದುಕಿಗೆ ಕಷ್ಟವಾಗುತ್ತದೆ. ಎರಡನೆಯದರಿಂದ ಅವಳ ಕಷ್ಟವೇ ಸುಳ್ಳಾಗುತ್ತದೆ. 2014ರ ಕಾನೂನಿನ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ ಎಂದು ನನ್ನ ಎಣಿಕೆ. ಅರ್ಹತೆಯನ್ನು ನಿರ್ಣಯಿಸುವಾಗ ಮಂಡಳಿಯು ತನ್ನ ಪೆಟ್ಟಿಗೆಯತ್ತ ನೋಡಕೂಡದು. ಅರ್ಹತೆಯನ್ನು ಒಪ್ಪಿಕೊಂಡ ಮೇಲೆ, ಅದನ್ನು ಯಾವ ರೀತಿಯಲ್ಲಿ ಪೂರೈಸೋಣವೆಂಬಲ್ಲಿ ಮಾತ್ರ ವೆಚ್ಚವನ್ನು ಎಣಿಸಬಹುದು. ಕಾಗದದ ಮೇಲಾದರೂ ಇದು ದೊಡ್ಡ ಹೆಜ್ಜೆ.

ಆಗಲಾರದೆಂದು ಬಾಯಿಬಿಟ್ಟು ಹೇಳಿದವರ ಪಾಡೇನೆಂಬುದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 2020ರ ಮಹಾಮಾರಿಯ ಕಾಲದಲ್ಲಿ ಇಂಗ್ಲೆಂಡಿನ ಸರಕಾರವು, ಆರೈಕೆ ಕಾನೂನಿನ ಕೆಲವು ಕರ್ತವ್ಯಗಳನ್ನು ನಡೆಸಲಾಗದ ಮಂಡಳಿಗಳು ಅದನ್ನು ಬಹಿರಂಗವಾಗಿ ತಿಳಿಸಿ ತಾತ್ಕಾಲಿಕ ವಿನಾಯಿತಿ ಪಡೆಯಬಹುದೆಂದು ಅವಕಾಶ ಕೊಟ್ಟಿತು. ನೂರೈವತ್ತರಷ್ಟು ಮಂಡಳಿಗಳಲ್ಲಿ ಹಾಗೆ ತಿಳಿಸಿದವು ಎಂಟು ಮಾತ್ರ. ಆ ಎಂಟರ ಮೇಲೆ ಟೀಕೆಯ ಮಳೆ ಸುರಿಯಿತು. ಉಳಿದವರೆಲ್ಲ ಆ ತಿಂಗಳುಗಳಲ್ಲಿ ಒಂದು ಕರ್ತವ್ಯವನ್ನೂ ಬಿಡದೆ ನಡೆಸಿದರೆಂದು ನಂಬುವುದು ನನಗೆ ಕಷ್ಟ. ನಿಜ ಹೇಳಿದವನಿಗೆ ಶಿಕ್ಷೆಯೂ ಸುಮ್ಮನಿದ್ದವನಿಗೆ ನೆಮ್ಮದಿಯೂ ದೊರೆಯುವ ಕಡೆಯಲ್ಲಿ ದಾಖಲೆಗಳು ಶುದ್ಧವಾಗಿರಬೇಕೆಂದು ಹೇಗೆ ನಿರೀಕ್ಷಿಸೋಣ?

ಈಗ ನಮ್ಮ ಕಾಸರಗೋಡಿಗೆ ಬರೋಣ. ನಾವು ಸೇರಿರುವ ಕೇರಳ ರಾಜ್ಯದಲ್ಲಿ ಈ ಕೆಲಸ ನಡೆದು ಬಂದ ದಾರಿ ಇಂಗ್ಲೆಂಡಿನದಕ್ಕೆ ತಿರುವುಮುರುವಾದುದು. ಅಲ್ಲಿ ಕಾನೂನು ಮೇಲಿನಿಂದ ಇಳಿಯಿತು. ಇಲ್ಲಿ ಕೆಲಸ ಕೆಳಗಿನಿಂದ ಹತ್ತಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಶಮನದ ಒಂದು ಸಂಘವನ್ನು ಕಟ್ಟಿದರು. ಶತಮಾನದ ಕೊನೆಗೆ ಮಲಪ್ಪುರಂ ಕಡೆಯ ಊರುಗಳಲ್ಲಿ, ವೈದ್ಯರಲ್ಲದ ಸಾಮಾನ್ಯ ನೆರೆಹೊರೆಯವರೇ ವಾರಕ್ಕೆ ಕೆಲವು ಗಂಟೆಗಳನ್ನು ಮೀಸಲಿಟ್ಟು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗತೊಡಗಿದರು. 1996ರ ಜನಕೀಯ ಯೋಜನೆಯಿಂದ ರಾಜ್ಯದ ಯೋಜನಾ ಹಣದ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಪಂಚಾಯತಿಗಳ ಕೈಗೆ ಬರತೊಡಗಿತ್ತು. 2008ರಲ್ಲಿ ಸರಕಾರ ಸಾಂತ್ವನ ಚಿಕಿತ್ಸೆಯ ನೀತಿಯೊಂದನ್ನು ಪ್ರಕಟಿಸಿ ಈ ಎರಡು ಹೊಳೆಗಳನ್ನು ಕೂಡಿಸಿತು. ಪಂಚಾಯತಿಯ ಹಣ, ಪ್ರಾಥಮಿಕ ಆರೋಗ್ಯ ಕೇಂದ್ರದ ಆಶ್ರಯ, ಅದಕ್ಕೆಂದೇ ತರಬೇತಿ ಪಡೆದ ಒಬ್ಬ ದಾದಿ, ಜತೆಗೆ ಆಶಾ ಕಾರ್ಯಕರ್ತೆಯೂ ವಾರ್ಡಿನ ಸದಸ್ಯರೂ. ನಮ್ಮೂರಿನವರು ಇದಕ್ಕೆಲ್ಲ ಸೇರಿಸಿ ‘ಪಾಲಿಯೇಟಿವ್’ ಎಂಬ ಒಂದೇ ಹೆಸರಿಟ್ಟಿದ್ದಾರೆ. ‘ಇವತ್ತು ಪಾಲಿಯೇಟಿವ್‌ನವರು ಬರುತ್ತಾರೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಅವರ ಜೀಪು ಕಂಗಿನ ತೋಟದ ಬದಿಯಲ್ಲಿ ನಿಂತಾಗ ಆ ಮನೆಯವರ ಮುಖದಲ್ಲಿ ಮೂಡುವ ನಿರಾಳವನ್ನು ನಾನು ಹಲವು ಬಾರಿ ಕಂಡಿದ್ದೇನೆ. ಇದು ಹೆಮ್ಮೆಪಡತಕ್ಕ ಕೆಲಸ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಮನೆಯವರಿಗೆ ಆಶ್ವಾಸಕಿರಣವೆಂಬ ಯೋಜನೆಯಿಂದ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿದ್ದೂ ಇದೆ. ಆ ಹಣ ಬಾಕಿ ನಿಂತ ಸುದ್ದಿಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು.

ಮುಂದೂಡಿದ ಮಾತುಗಳು ನಮ್ಮ ಜಿಲ್ಲೆಗೆ ಹೊಸತಲ್ಲ. ಗೇರುತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಚೆಲ್ಲುವುದು 2000ದಲ್ಲಿ ನಿಂತಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಮೂರು ತಿಂಗಳೊಳಗೆ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಐದು ವರ್ಷಗಳಾದ ಮೇಲೆ, 2022ರ ಮೇ ತಿಂಗಳಲ್ಲಿ, ಅದೇ ನ್ಯಾಯಾಲಯ ರಾಜ್ಯವನ್ನು ಮತ್ತೆ ಆಕ್ಷೇಪಿಸಬೇಕಾಯಿತು. ಆ ಮನೆಗಳಲ್ಲಿ ಮೂವತ್ತು ದಾಟಿದ ಮಗನನ್ನು ಎಪ್ಪತ್ತರ ತಾಯಿ ಎತ್ತಿ ಕೂರಿಸುತ್ತಾಳೆ. ಆರೈಕೆಯೆಂದರೆ ಮುದುಕರದು ಮಾತ್ರವೆಂದು ತಿಳಿದವರು ಅಲ್ಲಿಗೊಮ್ಮೆ ಹೋಗಿ ಬರಬೇಕು.

ಇನ್ನು ನನ್ನ ತಪ್ಪು. ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಡಿನ ಸದಸ್ಯರು, ಮನೆಮನೆಗೆ ಹೋಗಿ ನಡೆಯಲಾಗದವರ ಪಟ್ಟಿಯೊಂದನ್ನು ಮಾಡಿಕೊಡಲು ನನ್ನನ್ನು ಕೇಳಿದರು. ಮಾಸ್ತರರಿಗೆ ಎಲ್ಲ ಮನೆಯೂ ಗೊತ್ತು, ಕನ್ನಡವೂ ಮಲೆಯಾಳವೂ ಬರೆಯಲು ಬರುತ್ತದೆ ಎಂಬುದು ಕಾರಣ. ನಮೂನೆ ಮಲೆಯಾಳದಲ್ಲಿತ್ತು. ಅದರಲ್ಲಿ ನಡೆಯುವವರು, ನಡೆಯದವರು ಎಂದು ಎರಡೇ ಕಲಂ. ಗುಡ್ಡದ ಬುಡದ ಒಂದು ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿಯೂ ಬೀಡಿ ಕಟ್ಟುವ ಮಗಳೂ ಇದ್ದರು. ನಾನು ಅಂಗಳದಲ್ಲಿ ನಿಂತೇ ಕೇಳಿದೆ: “ಅಜ್ಜೀ, ನಿಮಗೆ ನಡೆಯಲಿಕ್ಕೆ ಆಗುತ್ತದಾ?” ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡು, “ಆಗದೆ ಏನು ಮಾಷ್ಟ್ರೇ, ನಡೆಯುತ್ತೇನೆ. ನಿಮಗೊಂದು ಲೋಟ ನೀರು ತರಲಾ?” ಎಂದರು. ನಾನು ನಡೆಯುವವರು ಎಂಬ ಕಲಮಿನಲ್ಲಿ ಗುರುತು ಹಾಕಿ ಮುಂದಿನ ಮನೆಗೆ ಹೋದೆ. ಆ ದಿನ ಇನ್ನೂ ಇಪ್ಪತ್ತು ಮನೆ ಬಾಕಿಯಿತ್ತು.

ಐದು ತಿಂಗಳ ತರುವಾಯ, ಮಗಳು ಯಾವುದೋ ಕಾಗದವನ್ನು ಓದಿಸಲು ಶಾಲೆಗೆ ಬಂದಾಗ ನಿಜ ತಿಳಿಯಿತು. ಮನೆಯಿಂದ ಬಚ್ಚಲಿಗೆ ಐವತ್ತು ಹೆಜ್ಜೆ. ಅಜ್ಜಿ ಅದನ್ನು ಗೋಡೆ, ತೆಂಗಿನಮರ, ಬಾವಿಕಟ್ಟೆ ಹಿಡಿದು ದಾಟುತ್ತಿದ್ದರು. ಹೋಗಿ ಬರಲು ಅರ್ಧ ಗಂಟೆಗೂ ಹೆಚ್ಚು ಬೇಕಾಗುತ್ತಿತ್ತು. ರಾತ್ರಿ ಮಗಳನ್ನು ಎಬ್ಬಿಸಬಾರದೆಂದು ಮಧ್ಯಾಹ್ನದ ಗಂಜಿಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಎರಡು ಸಲ ಮೂತ್ರದ ಉರಿಯಿಂದ ಜ್ವರ ಬಂದು ಆಸ್ಪತ್ರೆಗೆ ಒಯ್ಯಬೇಕಾಗಿತ್ತು. ಅವರು ನಡೆಯುತ್ತಿದ್ದುದು ಸುಳ್ಳಲ್ಲ. ನಾನು ಬರೆದದ್ದೂ ಸುಳ್ಳಲ್ಲ. ನನ್ನ ಪಟ್ಟಿಯನ್ನು ನೋಡಿ ಸಮಿತಿಯವರು, ಸಮಿತಿಯ ಪಟ್ಟಿಯನ್ನು ನೋಡಿ ದಾದಿ, ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಯಾರೂ ತಪ್ಪು ಮಾಡಿಲ್ಲ. ಆದರೂ ಒಂದು ಜೀವ ಐದು ತಿಂಗಳು ಬಾಯಾರಿಕೊಂಡಿತ್ತು.

ಆ ತಪ್ಪು ನನ್ನದೆನ್ನಲು ನಾನು ಬಹಳ ದಿನ ಒಪ್ಪಲಿಲ್ಲ. ನಮೂನೆಯದು ಎಂದೆ, ಸಮಯದ್ದು ಎಂದೆ, ಅಜ್ಜಿಯ ಹಟದ್ದು ಎಂದೂ ಹೇಳಿಕೊಂಡೆ. ಅಮೆರಿಕದ ಮೈಕೆಲ್ ಲಿಪ್‌ಸ್ಕಿ ಎಂಬ ವಿದ್ವಾಂಸರು 1980ರಲ್ಲಿ ಪ್ರಕಟಿಸಿದ ಒಂದು ಗ್ರಂಥದಲ್ಲಿ, ಜನರೊಡನೆ ನೇರವಾಗಿ ವ್ಯವಹರಿಸುವ ಕೆಳಹಂತದ ನೌಕರರ ದಿನನಿತ್ಯದ ತೀರ್ಮಾನಗಳೇ ಕೊನೆಗೆ ಸರಕಾರದ ನೀತಿಯಾಗುತ್ತವೆ ಎಂದು ಪ್ರತಿಪಾದಿಸಿದ್ದಾರೆ. ಅವರು ಕೊಡುವ ಉದಾಹರಣೆಗಳಲ್ಲಿ ಪೊಲೀಸರ ಜತೆಯಲ್ಲಿ ಶಾಲಾ ಶಿಕ್ಷಕರೂ ಇದ್ದಾರೆ. ಅವರ ಮಾತು ನಿಜವಾದರೆ, ಆ ಅಜ್ಜಿಯ ಪಾಲಿಗೆ 2008ರ ನೀತಿಯೆಂದರೆ ತಿರುವನಂತಪುರದಲ್ಲಿ ಅಚ್ಚಾದ ಪುಸ್ತಕವಲ್ಲ. ಅಂಗಳದಲ್ಲಿ ನಿಂತು, ಗಡಿಯಾರ ನೋಡುತ್ತ, ಒಂದು ಗೀಟು ಎಳೆದ ನಾನು. ಕೈಯಲ್ಲಿ ಪೆನ್ಸಿಲು ಹಿಡಿದವನು ತಾನು ಬರಿಯ ಪೆನ್ಸಿಲು ಎನ್ನುವುದು ಸರಿಯಲ್ಲ.

ಆ ಅಜ್ಜಿ ಏಕೆ ಹಾಗೆಂದರು? ದಾನ ಪಡೆಯುವವನು ಕೃತಜ್ಞತೆಯನ್ನು ತೋರಿಸಬೇಕು. ಅದು ಹಿಂದಿನ ಕಾಲದ ಅವಮಾನ. ಹಕ್ಕು ಪಡೆಯುವವನು ತನ್ನ ಅಶಕ್ತತೆಯನ್ನು ತೋರಿಸಬೇಕು. ಇದು ಈ ಕಾಲದ್ದು. ಇವೆರಡರಲ್ಲಿ ಎರಡನೆಯದೇ ಮೇಲೆಂದು ನಾನು ಈಗಲೂ ನಂಬುತ್ತೇನೆ. ಏಕೆಂದರೆ ಹಕ್ಕು ಇನ್ನೊಬ್ಬರ ಮನಸ್ಸಿನ ಒಲವನ್ನು ಕಾಯುವುದಿಲ್ಲ. ಆದರೆ ಮಾನಕ್ಕಾಗಿ ಜೀವಮಾನವೆಲ್ಲ ಬೆನ್ನು ನೆಟ್ಟಗಿಟ್ಟುಕೊಂಡು ಬಾಳಿದ ಹೆಂಗಸು, ಬೀದಿಗೆ ಕೇಳುವಂತೆ ‘ನನಗೆ ಬಚ್ಚಲಿಗೆ ಹೋಗಲಾಗುವುದಿಲ್ಲ’ ಎಂದು ಹೇಳಲಿ ಎಂದು ಬಯಸುವುದು ಯಾವ ನ್ಯಾಯ? ನರಳಲು ಬಲ್ಲವರ ಹೆಸರು ಪಟ್ಟಿಯ ಮೇಲಕ್ಕೂ ಸಹಿಸಿಕೊಳ್ಳುವವರ ಹೆಸರು ಪಟ್ಟಿಯ ಹೊರಕ್ಕೂ ಹೋಗುವುದಾದರೆ, ಪ್ರಶ್ನೆ ಕೇಳಿದ ರೀತಿಯಲ್ಲಿಯೇ ದೋಷವಿರಬೇಕು.

ಭಾಷೆಯ ಮಾತೂ ಇದರಲ್ಲಿ ಸೇರಿದೆ. ದಾದಿ ಒಳ್ಳೆಯವರು, ದೂರದ ಊರಿನವರು. ಅವರಿಗೆ ಕನ್ನಡ ಬಾರದು. ಅಜ್ಜಿಗೆ ಮಲೆಯಾಳ ಪೇಟೆಯ ವ್ಯಾಪಾರಕ್ಕೆ ಸಾಕಾಗುವಷ್ಟು. ಅಕ್ಕಿಯ ಬೆಲೆಯನ್ನು ಕೇಳಲು ಸಾಲುವ ಭಾಷೆ, ತೊಡೆಸಂದಿನ ಹುಣ್ಣನ್ನು ಹೇಳಲು ಸಾಲುವುದಿಲ್ಲ. ಇಂಗ್ಲೆಂಡಿನ 2014ರ ಕಾನೂನಿನಲ್ಲಿ, ವಿಷಯವನ್ನು ಗ್ರಹಿಸಲೋ ತನ್ನ ಇಂಗಿತವನ್ನು ತಿಳಿಸಲೋ ತುಂಬ ಕಷ್ಟಪಡುವವರಿಗೆ ತಕ್ಕ ಆಪ್ತರಿಲ್ಲದಿದ್ದರೆ, ಅವರ ಪರವಾಗಿ ಮಾತನಾಡಲು ಮಂಡಳಿಯಿಂದ ಸ್ವತಂತ್ರನಾದ ಒಬ್ಬ ವಕ್ತಾರನನ್ನು ಮಂಡಳಿಯೇ ಒದಗಿಸಬೇಕೆಂಬ ವಿಧಿಯಿದೆ. ಅಲ್ಲಿ ಅದನ್ನು ಮುಖ್ಯವಾಗಿ ಬುದ್ಧಿ ಮಸುಕಾದವರಿಗಾಗಿ ಇಟ್ಟಿರುವರಾದರೂ, ಗಡಿನಾಡಿನ ನಾವು ಅದರ ತಿರುಳನ್ನು ಬೇಗ ಅರಿಯಬಲ್ಲೆವು. ಕನ್ನಡ ಶಾಲೆ, ಕನ್ನಡ ಪುಸ್ತಕ, ಕನ್ನಡದ ಅರ್ಜಿ ಇವುಗಳಿಗಾಗಿ ನಮ್ಮ ಸಂಘ ದನಿಯೆತ್ತುತ್ತ ಬಂದಿದೆ. ಹಾಸಿಗೆಯ ಪಕ್ಕದಲ್ಲಿ ಒಂದು ಗಂಟೆ ಕುಳಿತು ಕನ್ನಡದಿಂದ ಮಲೆಯಾಳಕ್ಕೆ ನಾಲ್ಕು ಮಾತು ದಾಟಿಸುವ ಕೆಲಸಕ್ಕೆ ನಮ್ಮಲ್ಲಿ ಎಷ್ಟು ಮಂದಿ ಹೆಸರು ಕೊಟ್ಟಿದ್ದೇವೆ? ನಾನಂತೂ ಆ ವರೆಗೆ ಕೊಟ್ಟಿರಲಿಲ್ಲ.

ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಈ ವಿಚಾರಗಳನ್ನು ಕೇಳಿ ಬೇರೊಂದು ಆಕ್ಷೇಪವೆತ್ತಿದರು. ಪಂಚಾಯತಿ ಹೀಗೆ ಎಲ್ಲವನ್ನೂ ಹೊತ್ತುಕೊಂಡರೆ ಮಕ್ಕಳು ತಮ್ಮ ಕರ್ತವ್ಯವನ್ನು ಮರೆಯುವುದಿಲ್ಲವೆ, ಹೆತ್ತವರನ್ನು ನೋಡಿಕೊಳ್ಳದ ಮಕ್ಕಳ ಮೇಲೆ 2007ರ ಕಾನೂನಿನಂತೆ ದೂರು ಕೊಡಬಹುದಲ್ಲ ಎಂದು. ಕೊಡಬಹುದು. ಆದರೆ ಗುಡ್ಡದ ಬುಡದ ಆ ಮಗಳ ಮೇಲೆ ಯಾವ ದೂರು ಕೊಡುವುದು? ಅವಳು ದಿನಕ್ಕೆ ಇಷ್ಟು ಬೀಡಿಯೆಂದು ಕಟ್ಟಿದರೆ ಒಲೆ ಉರಿಯುತ್ತದೆ; ತಾಯಿಯ ಪಕ್ಕದಲ್ಲಿ ಕುಳಿತರೆ ಉರಿಯುವುದಿಲ್ಲ. ಪ್ರೀತಿ ಇಲ್ಲದೆ ಅಲ್ಲ, ಬಿಡುವಿಲ್ಲದೆ ನಿಂತಿದೆ ಅಲ್ಲಿನ ಸೇವೆ. ದಾದಿ ತಿಂಗಳಿಗೊಮ್ಮೆ ಬಂದು ಒಂದು ಗಂಟೆ ಕುಳಿತರೆ ಮಗಳ ಪ್ರೀತಿ ಕಡಿಮೆಯಾಗುತ್ತದೆಂದು ಹೇಳುವವರು, ಎರಡು ರಾತ್ರಿ ನಿದ್ದೆಗೆಟ್ಟು ನೋಡಬೇಕು. ಮಿತ್ರರು ಸುಮ್ಮನಾದರು, ಒಪ್ಪಿದರೆಂದು ಹೇಳಲಾರೆ.

ಕಳೆದ ಬಾರಿಯ ಪಟ್ಟಿಯ ಸಮಯಕ್ಕೆ ನಾನು ಸದಸ್ಯರಲ್ಲಿ ಒಂದು ಅರಿಕೆ ಮಾಡಿಕೊಂಡೆ. ನಮೂನೆಯ ಕೊನೆಗೆ ಕೈಯಿಂದಲೇ ಒಂದು ಕಲಂ ಗೆರೆ ಹಾಕೋಣ, ಅದರಲ್ಲಿ ‘ಅಗತ್ಯವಿದೆ, ಈಗ ಕೊಡಲಾಗಿಲ್ಲ’ ಎಂದು ಬರೆಯೋಣ ಎಂದು. ಅವರು ಕೆಟ್ಟವರಲ್ಲ, ರಾತ್ರಿ ಹನ್ನೊಂದಕ್ಕೂ ಯಾರ ಮನೆಗಾದರೂ ಓಡುವವರು. ಆದರೆ ಈ ಮಾತಿಗೆ ಅವರ ಮುಖ ಬಾಡಿತು. “ಮಾಷ್ಟ್ರೇ, ಹಾಗೆ ಬರೆದರೆ ನಾಳೆ ಸಭೆಯಲ್ಲಿ ಇದನ್ನೇ ಓದಿ ನನ್ನನ್ನು ನಿಲ್ಲಿಸುತ್ತಾರೆ. ಬರೆಯದ ವಾರ್ಡಿನವರು ನಗುತ್ತಾ ಕೂರುತ್ತಾರೆ” ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಇಂಗ್ಲೆಂಡಿನ ಆ ಎಂಟು ಮಂಡಳಿಗಳ ನೆನಪಾಯಿತು. ಕೊನೆಗೆ ನಮ್ಮೊಳಗೆ ಒಂದು ಒಪ್ಪಂದವಾಯಿತು: ಆ ಕಲಂ ಪಟ್ಟಿಯಲ್ಲಿ ಬೇಡ, ನನ್ನ ನೋಟುಪುಸ್ತಕದಲ್ಲಿರಲಿ, ಗ್ರಾಮಸಭೆಯಲ್ಲಿ ಸಂಖ್ಯೆಯನ್ನು ಮಾತ್ರ ನಾನು ಎದ್ದು ಹೇಳುವುದು, ಹೆಸರನ್ನು ಹೇಳದಿರುವುದು. ಇದು ಅರ್ಧ ಸತ್ಯವೆಂದು ನನಗೆ ಗೊತ್ತು. ನೋಟುಪುಸ್ತಕದಲ್ಲಿ ಈಗ ಒಂಬತ್ತು ಹೆಸರುಗಳಿವೆ.

ಅಜ್ಜಿಯ ಮನೆಗೆ ಪುನಃ ಹೋದಾಗ ನಾನು ಅಂಗಳದಲ್ಲಿ ನಿಲ್ಲಲಿಲ್ಲ, ಜಗಲಿಯಲ್ಲಿ ಕುಳಿತು, ಮಳೆ, ಅಡಿಕೆ, ಯಾರ ಮದುವೆ ಎಂದೆಲ್ಲ ಮಾತಾಡಿ, ಆಮೇಲೆ ಕೇಳಿದೆ: “ಅಜ್ಜೀ, ಸಂಜೆ ಮೇಲೆ ನೀರು ಕುಡಿಯುತ್ತೀರಾ?” ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಮಗಳು ಬೀಡಿಯ ತಟ್ಟೆಯನ್ನು ಕೆಳಗಿಟ್ಟು ಒಳಗೆ ಹೋದಳು. ಎಂಟು ದಿನಗಳಲ್ಲಿ ಪಾಲಿಯೇಟಿವ್‌ನವರು ಮಂಚದ ಬದಿಯಲ್ಲಿಡುವ ಶೌಚದ ಕುರ್ಚಿಯೊಂದನ್ನು ತಂದುಕೊಟ್ಟರು. ಮೊದಲ ವಾರ ಅಜ್ಜಿ ಅದರ ಮೇಲೆ ಒಂದು ಹಳೆಯ ಸೀರೆ ಹೊದಿಸಿ, ಬಂದವರಿಗೆ ಕಾಣದಂತೆ ಮೂಲೆಗೆ ಸರಿಸಿಟ್ಟಿದ್ದರು. ಮೊನ್ನೆ ಹೋದಾಗ ಕುರ್ಚಿ ಮಂಚದ ಪಕ್ಕದಲ್ಲಿತ್ತು. ಸೀರೆ ಹಾಗೆಯೇ ಇತ್ತು. ಕಿಟಕಿಯ ದಂಡೆಯ ಮೇಲೆ ಮುಚ್ಚಳ ಹಾಕಿದ ಒಂದು ತಂಬಿಗೆ ನೀರಿತ್ತು.